ಜಗಳ ಬಿಡಿಸದ ಚಿಕ್ಕಮ್ಮ

"ಹಲ್ಲು ಬಿಡಬೇಡಿ ಸಾರ್."

ಬೆಳಗಿನ ಐದೂಮುಕ್ಕಾಲಿಗೆ ಚಿಕ್ಕಮ್ಮ ನನಗೆ ಹೇಳುವ ಮೊದಲ ಮಾತೇ ಇದು. ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದು ಪರಿಚಯದ ನಗೆ ಬೀರಲು ಹೊರಟಿದ್ದ ನಾನು ತಟ್ಟನೆ ಬಾಯಿ ಮುಚ್ಚುತ್ತೇನೆ. ಕಬ್ಬಿಣದ ಜಾಲರಿಯ ಆಚೆ ಹದಿಮೂರು ಚಿಂಪಾಂಜಿಗಳು ನನ್ನನ್ನೇ ದಿಟ್ಟಿಸುತ್ತಿವೆ. ಅವುಗಳ ಲೋಕದಲ್ಲಿ ಹೀಗೆ ಹಲ್ಲು ಕಿರಿಯುವವನು ಹೆದರಿದ್ದಾನೆ ಎಂದು ಅರ್ಥವಂತೆ. "ಹೆದರಿದೋರನ್ನ ಕಂಡ್ರೆ ಇವಕ್ಕೂ ಗಾಬರಿ. ಇವತ್ತು ಅದೊಂದು ಬೇಡ. ತುಟಿ ಮುಚ್ಕೊಂಡು ನಗಿ, ಅಷ್ಟು ಸಾಕು" ಎನ್ನುತ್ತಾ ಅವರು ಕುಂಬಳಕಾಯಿ ಹೆಚ್ಚುವುದನ್ನು ಮುಂದುವರಿಸುತ್ತಾರೆ. ನಾನು ತುಟಿ ಮುಚ್ಚಿ ನಗಲು ಹೋಗಿ ಹಲ್ಲುನೋವಿನವನಂತೆ ಕಾಣುತ್ತೇನೆ.

ಇದು ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಕೇಂದ್ರ. ಸಿಟ್ಟು, ಸ್ನೇಹ, ಹೊಟ್ಟೆಕಿಚ್ಚು, ರಾಜಿ ಇವೆಲ್ಲ ಮನುಷ್ಯರಲ್ಲೂ ವಾನರರಲ್ಲೂ ಎಷ್ಟರಮಟ್ಟಿಗೆ ಒಂದೇ ಎಂದು ನೋಡುವುದು ಇಲ್ಲಿನವರ ಕೆಲಸ. ಸಂಶೋಧಕರು ಬರುತ್ತಾರೆ, ಎರಡು ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಟಿಪ್ಪಣಿ ಬರೆಯುತ್ತಾರೆ, ಪದವಿ ಪಡೆದು ಹೊರಡುತ್ತಾರೆ. ಬಂದವರಲ್ಲಿ ಹೋಗದೇ ಉಳಿದದ್ದು ಚಿಕ್ಕಮ್ಮ ಒಬ್ಬರೇ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಊಟ ಹಾಕುವವರು, ನೆಲ ತೊಳೆಯುವವರು, ಬಾಗಿಲು ತೆಗೆದು ಮುಚ್ಚುವವರು ಅವರೇ. ನಿರ್ದೇಶಕರಿಂದ ಹಿಡಿದು ಗೇಟು ಕಾಯುವವರವರೆಗೆ ಎಲ್ಲರಿಗೂ ಅವರು ಚಿಕ್ಕಮ್ಮ. ಸಂಶೋಧನಾ ಪ್ರಬಂಧಗಳಲ್ಲಿ ಮಾತ್ರ ಅವರು ಯಾರಿಗೂ ಏನೂ ಅಲ್ಲ.

ಇವತ್ತು ಯಾಕೆ ಗಾಬರಿ ಬೇಡ ಎಂದರೆ, ಇವತ್ತು ಅಜ್ಜಿಯ ಹಣೆಬರಹ ತೀರ್ಮಾನವಾಗುವ ದಿನ. ಅಜ್ಜಿ ಎಂದರೆ ಗುಂಪಿನ ಹದಿನಾಲ್ಕನೆಯ ಚಿಂಪಾಂಜಿ, ನಲವತ್ತೊಂದು ವರ್ಷದವಳು. ಕಾಲು ಮುರಿದುಕೊಂಡು ಎರಡು ತಿಂಗಳು ಬೇರೆ ಕೋಣೆಯಲ್ಲಿ ಚಿಕಿತ್ಸೆ ಪಡೆದಳು. ಕಾಲೇನೋ ಕೂಡಿಕೊಂಡಿತು, ಗುಂಪು ಮಾತ್ರ ಅವಳನ್ನು ಕೂಡಿಸಿಕೊಳ್ಳಲಿಲ್ಲ. ಎರಡು ಸಲ ಒಳಗೆ ಬಿಟ್ಟರು, ಎರಡು ಸಲವೂ ರಂಪಾಟ. ಅವಳಿಲ್ಲದಾಗ ಅವಳ ಜಾಗ ಹಿಡಿದು ಕೂತಿರುವ ಗಂಟುಮೋರೆ ಎಂಬ ಹೆಣ್ಣು ಮೈಮೇಲೆ ಏರಿ ಹೋಗಿದ್ದೇ ತಡ, ಹೊರಗಿದ್ದವರು ಪೈಪಿನಲ್ಲಿ ನೀರು ಹಾರಿಸಿ ಜಗಳ ಬಿಡಿಸಿದರು. ಮೂರನೆಯ ಸಲವೂ ಆಗದಿದ್ದರೆ ಅಜ್ಜಿಯನ್ನು ದೂರದ ಬೇರೊಂದು ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಗಿದೆ. ಅಲ್ಲಿ ಅವಳಿಗೆ ಒಂಟಿ ಕೋಣೆ.

"ಒಂಟಿ ಕೋಣೇಲಿ ಅವಳು ಒಂದು ವರ್ಷಾನೂ ಬದುಕಲ್ಲ" ಎನ್ನುತ್ತಾರೆ ಚಿಕ್ಕಮ್ಮ. "ನಮ್ಮತ್ತೇನೂ ಹಂಗೇ ಇದ್ರು. ಬೈಯೋಕಾದ್ರೂ ಮನೆ ತುಂಬ ಜನ ಬೇಕು ಅನ್ನೋರು." ಹಾಗಾಗಿ ಅವರು ನಿನ್ನೆ ನಿರ್ದೇಶಕರ ಕೋಣೆಗೆ ಹೋಗಿ ಒಂದೇ ಒಂದು ಬೇಡಿಕೆ ಇಟ್ಟಿದ್ದಾರೆ. ಈ ಸಲ ಅರ್ಧ ಗಂಟೆ ಯಾರೂ ಬಾಗಿಲು ಮುಟ್ಟಕೂಡದು, ಪೈಪೂ ಮುಟ್ಟಕೂಡದು. ರಕ್ತ ಹರಿದರೆ ಮಾತ್ರ ಡಾಕ್ಟರು ನಡುವೆ ಬರಬಹುದು.

ಈ ಹಟಕ್ಕೆ ಹಳೆಯದೊಂದು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ಚಿಂಪಾಂಜಿಗಳು, ಅಕ್ಕ ತಂಗಿ, ಒಂದು ಗೋಣಿಚೀಲಕ್ಕಾಗಿ ಕಿತ್ತಾಡಿದವು. ಚಿಕ್ಕಮ್ಮ ಓಡಿಹೋಗಿ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಅಟ್ಟಿ ಚಿಲಕ ಹಾಕಿದರು. ಒಳ್ಳೆಯ ಕೆಲಸ ಮಾಡಿದೆ ಎಂದು ಆ ದಿನ ಮನೆಗೆ ಬೀಗುತ್ತಾ ಹೋದರಂತೆ. ಆದರೆ ಮರುದಿನ ಬಾಗಿಲು ತೆಗೆದರೆ ಅಕ್ಕ ತಂಗಿಯ ಮುಖ ನೋಡಲಿಲ್ಲ. ತಿಂಗಳಾದರೂ ನೋಡಲಿಲ್ಲ. ತಂಗಿ ಊಟ ಬಿಟ್ಟು ಕಡ್ಡಿಯಾದಳು. "ಜಗಳ ಆದ್ಮೇಲೆ ಅವು ಕೈ ಚಾಚ್ತವೆ, ಮುತ್ತು ಕೊಡ್ತವೆ, ಕೂದ್ಲು ಬಿಡಿಸ್ತವೆ. ಅದಕ್ಕೆ ಒಂದಿಷ್ಟು ಹೊತ್ತು ಬೇಕು. ಆ ಹೊತ್ತನ್ನೇ ನಾನು ಕಿತ್ಕೊಂಡ್ಬಿಟ್ಟಿದ್ದೆ. ಬಿಡಿಸಿದ್ದು ಜಗಳ ಅಲ್ಲ ಸಾರ್, ರಾಜೀನೇ ತಪ್ಪಿಸ್ಬಿಟ್ಟಿದ್ದೆ."

ಮೂರು ತಿಂಗಳ ಮೇಲೆ ಆ ಇಬ್ಬರೂ ಒಂದಾದರು. ಚಿಕ್ಕಮ್ಮ ಆ ಪಾಠವನ್ನು ಮನೆಗೂ ಒಯ್ದರು. ಆಗ ಅವರಿಗೂ ಓರಗಿತ್ತಿಗೂ ನಲ್ಲಿ ನೀರಿನ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ನಡುವೆ ಮೂಗು ತೂರಿಸಲು ಬಂದ ಗಂಡಸರಿಬ್ಬರನ್ನೂ ಅಂಗಳಕ್ಕೆ ಕಳಿಸಿ, ಚಿಕ್ಕಮ್ಮ ಓರಗಿತ್ತಿಯ ಹಿಂದೆ ಹೋಗಿ ಕೂತು ಅವಳ ತಲೆಯಲ್ಲಿ ಬಿಳಿ ಕೂದಲು ಹುಡುಕತೊಡಗಿದರು. "ಏನೂ ಮಾತಾಡ್ಲಿಲ್ಲ. ಆರು ಕೂದ್ಲು ಕಿತ್ತೆ. ಏಳನೇದಕ್ಕೆ ಅವಳೇ, 'ಸಾಕು ಬಿಡೇ ಮಾರಾಯ್ತಿ, ಬೋಳಾಗ್ತೀನಿ' ಅಂದ್ಳು." ಇಷ್ಟು ಹೇಳಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ತುಟಿ ಮಾತ್ರ ಬಿಚ್ಚುವುದಿಲ್ಲ.

ಈ ಬಿಚ್ಚದ ತುಟಿಯಿಂದ ಒಂದು ಅನಾಹುತವೂ ಆಗುವುದರಲ್ಲಿತ್ತು. ಮಗಳ ಮದುವೆ ಮಾತುಕತೆಗೆ ಬಂದ ಬೀಗರ ಮುಂದೆ ಚಿಕ್ಕಮ್ಮ ಅಭ್ಯಾಸಬಲದಿಂದ ಬಾಯಿ ಬಿಗಿಹಿಡಿದೇ ನಕ್ಕರು. ಹುಡುಗನ ತಾಯಿ ಮನೆಗೆ ಹೋಗಿ, "ಆಯಮ್ಮನಿಗೆ ನಮ್ಮ ಹುಡುಗ ಒಪ್ಪಿಗೆ ಇಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದು ಕಣ್ಣೀರು ಹಾಕಿದರಂತೆ. ಕೊನೆಗೆ ಮಗಳೇ ಫೋನು ಮಾಡಿ, "ಅತ್ತೇ, ನಮ್ಮಮ್ಮ ಚಿಂಪಾಂಜಿ ಥರ ನಗೋದು, ಬೇಜಾರು ಮಾಡ್ಕೋಬೇಡಿ" ಎಂದು ವಿವರಿಸಿದ ಮೇಲೆ ಮದುವೆ ಕುದುರಿತು.

ಕೆಲಸವೇನೂ ನಗೆಯಾಟವಲ್ಲ. ದಿನಕ್ಕೆ ಐವತ್ತೈದು ಕೆಜಿ ತರಕಾರಿ ಹಣ್ಣು ಹೆಚ್ಚಬೇಕು. ಹನ್ನೊಂದು ಬಾಗಿಲು, ಒಂದೊಂದಕ್ಕೂ ಎರಡು ಚಿಲಕ. ನೆಲ ದಿನಕ್ಕೆರಡು ಸಲ ತೊಳೆಯಬೇಕು. ಎಡಗೈ ಕಿರುಬೆರಳಿನ ತುದಿ ಹದಿನಾರು ವರ್ಷದ ಹಿಂದೆಯೇ ಹೋಗಿದೆ. ಯಾರು ಕಚ್ಚಿದ್ದು ಎಂದು ಕೇಳಿದರೆ, "ಅದು ನಮ್ಮನೆ ವಿಷ್ಯ" ಎಂದು ಮಾತು ಹಾರಿಸುತ್ತಾರೆ.

ಎಂಟು ಗಂಟೆ. ನಿರ್ದೇಶಕರು ಬರುತ್ತಾರೆ, ಡಾಕ್ಟರು ಬರುತ್ತಾರೆ. ಚಿಕ್ಕಮ್ಮ ಕಂಬಿ ಎಳೆಯುತ್ತಾರೆ, ಬಾಗಿಲು ಸರಿಯುತ್ತದೆ, ಅಜ್ಜಿ ಕುಂಟುತ್ತಾ ಒಳಗೆ ಹೋಗುತ್ತಾಳೆ. ಗಂಟುಮೋರೆಯ ಮೈಕೂದಲೆಲ್ಲ ನಿಮಿರಿ ನಿಲ್ಲುತ್ತದೆ. ಕಿವಿ ಹರಿದುಹೋಗುವಂಥ ಕಿರುಚಾಟ, ಓಡಾಟ, ಅಜ್ಜಿಯ ಬೆನ್ನಿನ ಮೇಲೆ ದಬದಬನೆ ಎರಡು ಏಟು. ಅಜ್ಜಿ ಗೋಡೆಗೆ ಒತ್ತಿಕೊಂಡು ಹಲ್ಲು ಕಿರಿಯುತ್ತಾಳೆ. ಡಾಕ್ಟರ ಕೈ ತಾನಾಗಿಯೇ ಕಂಬಿಯತ್ತ ಹೋಗುತ್ತದೆ.

"ಡಾಕ್ಟ್ರೇ, ರಕ್ತ ಇದ್ಯಾ?" ಚಿಕ್ಕಮ್ಮ ಅವರತ್ತ ತಿರುಗುವುದೂ ಇಲ್ಲ.

"ಇಲ್ಲ. ಆದ್ರೆ..."

"ಹಂಗಾದ್ರೆ ಕೈ ಕಟ್ಕೊಳ್ಳಿ."

ಡಾಕ್ಟರು ಕೈ ಕಟ್ಟಿಕೊಳ್ಳುತ್ತಾರೆ. ನಿರ್ದೇಶಕರೂ ಕಟ್ಟಿಕೊಳ್ಳುತ್ತಾರೆ. ನಾನೂ. ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ಸಾಲಾಗಿ ನಿಲ್ಲುತ್ತೇವೆ. ಚಿಕ್ಕಮ್ಮನ ಕೈಗಳೂ ಕಟ್ಟಿವೆ, ಆದರೆ ಬೆರಳುಗಳು ಸೆರಗನ್ನು ಹಿಂಡುತ್ತಲೇ ಇವೆ. ಒಳಗೆ ಗಂಟುಮೋರೆ ಒಂದು ಮೂಲೆ, ಅಜ್ಜಿ ಇನ್ನೊಂದು ಮೂಲೆ. ಐದು ನಿಮಿಷ, ಹತ್ತು ನಿಮಿಷ. ಹದಿನೆಂಟನೆಯ ನಿಮಿಷಕ್ಕೆ ಗಂಟುಮೋರೆ ಎದ್ದು ಎಲ್ಲೋ ಹೊರಟವಳ ಹಾಗೆ ಬೇರೆಡೆ ನೋಡುತ್ತಾ ಸರಿದು ಬರುತ್ತಾಳೆ. ಅಂಗೈ ಮೇಲೆ ಮಾಡಿ ಕೈ ಚಾಚುತ್ತಾಳೆ. ಅಜ್ಜಿ ಆ ಕೈಯನ್ನು ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ. ಕೊನೆಗೆ ಬಗ್ಗಿ ಅದಕ್ಕೆ ತುಟಿ ತಾಗಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಗಂಟುಮೋರೆ ಅವಳ ಹಿಂದೆ ಕೂತು, ತಾನೇ ಹೊಡೆದ ಬೆನ್ನಿನ ಕೂದಲನ್ನು ಒಂದೊಂದಾಗಿ ಬಿಡಿಸತೊಡಗುತ್ತಾಳೆ.

ನಿರ್ದೇಶಕರು ಕನ್ನಡಕ ತೆಗೆದು ಒರೆಸುತ್ತಾರೆ. "ಇನ್ನು ಎಲ್ಲಿಗೂ ಕಳಿಸೋದು ಬೇಡ, ಇಲ್ಲೇ ಇರ್ಲಿ" ಎನ್ನುತ್ತಾರೆ. ನನಗಂತೂ ಕುಣಿಯುವಷ್ಟು ಸಂತೋಷ. ಡಾಕ್ಟರು ದಾಖಲೆ ಪುಸ್ತಕ ತೆರೆದು, ಹೇಗೆ ರಾಜಿಯಾಯಿತು ಎಂಬ ಸಾಲಿನಲ್ಲಿ ಏನು ಬರೆಯಲಿ ಎಂದು ಚಿಕ್ಕಮ್ಮನನ್ನೇ ಕೇಳುತ್ತಾರೆ.

"ಅವರೇ ರಾಜಿ ಆದ್ರು ಅಂತ ಬರೀರಿ" ಎನ್ನುತ್ತಾರೆ ಚಿಕ್ಕಮ್ಮ, ಬಕೆಟ್ಟು ಎತ್ತಿಕೊಳ್ಳುತ್ತಾ. ಎರಡು ಹೆಜ್ಜೆ ಹೋದವರು ನಿಲ್ಲುತ್ತಾರೆ. "ಜಾಗ ಇದ್ರೆ, ಚಿಕ್ಕಮ್ಮ ಸುಮ್ನೆ ನಿಂತಿದ್ಳು ಅಂತ್ಲೂ ಸೇರಿಸಿ. ಸುಮ್ನೆ ನಿಲ್ಲೋದು ಕಲಿಯೋಕೆ ನಂಗೆ ಇಪ್ಪತ್ತೆರಡು ವರ್ಷ ಹಿಡೀತು."