ಒಂಬತ್ತನೆಯ ಸಾಲು

ಲಿಗಾಯ ಮಿಸ್‌ಗೆ ನಾನು ಹದಿನಾಲ್ಕು ಸಾಲು ಬರೆದುಕೊಟ್ಟಿದ್ದೆ. ಹದಿಮೂರು ನಿಜ. ಒಂಬತ್ತನೆಯದು ಸುಳ್ಳು — ಗೊತ್ತಿದ್ದೂ ಬರೆದ ಸುಳ್ಳು. ಆರು ವರ್ಷವಾಯಿತು, ಯಾರಿಗೂ ಹೇಳಿಲ್ಲ.

ಎಂಬತ್ತೆರಡರ ಜೂನ್‌ನಲ್ಲಿ ಅವರು ಗೋವಿಂದರಾಜನಗರದ ನಮ್ಮ ಬೀದಿಗೆ ಬಂದರು. ಫಿಲಿಪೈನ್ಸಿನವರು. ಮಾಗಡಿ ರಸ್ತೆಯ ಆಚೆಗಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಎರಡು ವರ್ಷಕ್ಕೆಂದು ಬಂದಿದ್ದರು. ನಮ್ಮ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದರು. ನಲವತ್ತರ ಸುಮಾರಿನ ಒಂಟಿ ಹೆಂಗಸು. ಸಂಜೆಯಾದರೆ ಮೆಟ್ಟಿಲ ಮೇಲೆ ಕೂತು ಬೀದಿ ನೋಡುತ್ತಿದ್ದರು — ಯಾರಾದರೂ ತಲೆಯೆತ್ತಿದರೆ ನಗಲು ಸಿದ್ಧವಾಗಿ.

ನನಗಾಗ ಹದಿನೆಂಟು. ಪಿಯುಸಿ ಫೇಲಾಗಿ ಮನೆಯಲ್ಲಿದ್ದೆ. ದಿನಚರಿಯಲ್ಲಿ ಎಲ್ಲಕ್ಕೂ ಲೆಕ್ಕ ಇಡುವುದು ನನ್ನ ಅಭ್ಯಾಸ. ಆ ಮೇ ತಿಂಗಳಲ್ಲಿ ನನ್ನನ್ನು ನೋಡಲೆಂದೇ ಬಂದವರು: ಸೊನ್ನೆ. ಜೂನ್‌ನಲ್ಲಿ ಮಿಸ್ ಬಂದ ಪ್ರತಿ ಸಂಜೆಗೂ ಒಂದೊಂದು ಗೆರೆ ಎಳೆಯತೊಡಗಿದೆ.

ಅವರ ಹತ್ತಿರ ಹಸಿರು ರಟ್ಟಿನ ನೋಟ್‌ಬುಕ್ಕಿತ್ತು. ಈ ಊರಿನಲ್ಲಿ ಹೇಗಿರಬೇಕೆಂದು ಅದರಲ್ಲಿ ನನ್ನ ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ನಲ್ಲಿಯಲ್ಲಿ ನೀರು ಬರುವ ಹೊತ್ತು. ಮೆಜೆಸ್ಟಿಕ್ ಬಸ್ಸು ನಿಲ್ಲುವ ಜಾಗ. ಎಡಗೈಯಲ್ಲಿ ಏನನ್ನೂ ಕೊಡಬಾರದು... ಜುಲೈ ಮುಗಿಯುವಷ್ಟರಲ್ಲಿ ಎಂಟು ಸಾಲಾಗಿದ್ದವು.

ಶ್ರಾವಣ ಬಂತು. ಎದುರು ಮನೆಯ ಸರೋಜಾ ಆಂಟಿ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಕೊಟ್ಟರು. ಮೂಲೆ ಮನೆಯ ನೀಲಮ್ಮ, ಧಾರವಾಡದ ಕಡೆಯವರು, ಶೇಂಗಾ ಹೋಳಿಗೆ ಕಳಿಸಿದರು. ಆ ವಾರ ಮಿಸ್ ನಮ್ಮ ಮನೆಗೆ ಬಂದದ್ದು ಎರಡೇ ಸಲ. ಉಳಿದ ಸಂಜೆಗಳಲ್ಲಿ ಎದುರು ಮನೆಯ ಜಗುಲಿಯಿಂದ ಅವರ ನಗು ಕೇಳುತ್ತಿತ್ತು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ — ಎಷ್ಟು ಹೊತ್ತು ಎಂಬುದನ್ನೂ ಬರೆದಿಟ್ಟೆ.

ಶನಿವಾರ ಅವರು ಸರೋಜಾ ಆಂಟಿಯ ಡಬ್ಬಿ ಹಿಡಿದು ಕೆಳಗಿಳಿದು ಬಂದರು. ಮುಚ್ಚಳ ತೆಗೆದು ತೋರಿಸಿದರು. ತಾವೇ ಮಾಡಿದ ಕೊಬ್ಬರಿ ಉಂಡೆ, ಆರು.

"ನಮ್ಮೂರಲ್ಲಿ ಪಾತ್ರೆ ಖಾಲಿ ವಾಪಸ್ ಕೊಡಲ್ಲ. ಇಲ್ಲಿ ಹೇಗೆ?"

ಇಲ್ಲಿಯೂ ಹಾಗೆಯೇ. ಏನೂ ಇಲ್ಲದಿದ್ದರೆ ಅಮ್ಮ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದಳು. ನಾನು ಹೇಳಿದ್ದು —

"ಇಲ್ಲಿ ನಾವಾಗಿ ವಾಪಸ್ ಕೊಡಲೇಬಾರದು ಮಿಸ್. ಕೊಟ್ಟರೆ, ಇನ್ನು ಏನೂ ಕಳಿಸಬೇಡಿ ಅಂತ ಅರ್ಥ. ಅವರೇ ಬಂದು ಕೇಳಿ ತಗೊಂಡು ಹೋಗ್ತಾರೆ."

"ಸದ್ಯ, ನಿನ್ನನ್ನ ಕೇಳಿದೆ!" ಎಂದು ನನ್ನ ಕೈ ಹಿಡಿದುಕೊಂಡರು. ನೋಟ್‌ಬುಕ್ ತಂದು ಬರೆಸಿದರು. ಉಂಡೆಗಳನ್ನು ಮೆಟ್ಟಿಲ ಮೇಲೆ ಕೂತು ನಾವಿಬ್ಬರೇ ತಿಂದೆವು. ಅವರು ಎರಡು, ನಾನು ನಾಲ್ಕು.

ದೀಪಾವಳಿಯ ಹೊತ್ತಿಗೆ ಅವರ ಗೂಡಿನಲ್ಲಿ ಏಳು ಡಬ್ಬಿಗಳಿದ್ದವು, ನಮ್ಮದೂ ಸೇರಿ. ಬೆಳಗಿ ಸಾಲಾಗಿ ಇಟ್ಟುಕೊಂಡಿದ್ದರು. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು ಕೊರೆದಿತ್ತು, ಅವರಿಗೆ ಓದಲು ಬಾರದ ಕನ್ನಡದಲ್ಲಿ.

ನಲ್ಲಿಯ ಹತ್ತಿರ ಸರೋಜಾ ಆಂಟಿ ಕೇಳಿದರು. "ಏನೇ, ನಿಮ್ಮ ಮಹಡಿ ಮಹಾರಾಣಿ ನನ್ನ ಡಬ್ಬೀನ ಅವಳ ದೇಶಕ್ಕೇ ಪಾರ್ಸಲ್ ಮಾಡ್ಬಿಟ್ಳಾ?"

"ಹೋಗಿ ಕೇಳಿ ಆಂಟಿ."

"ಕೊಟ್ಟಿದ್ದನ್ನ ಹೋಗಿ ಕೇಳ್ತಾರೇನೇ? ನಮಗೇನು ಮಾನ ಇಲ್ವಾ?"

ಅವರು ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ನಂಬಿಯೇ ಆ ಸಾಲು ಬರೆದಿದ್ದೆ.

ತಿಂಡಿ ಬರುವುದು ನಿಂತಿತು. ಜಗುಲಿಯ ಕರೆಯೂ ನಿಂತಿತು. ನವೆಂಬರ್‌ನಲ್ಲಿ ಮಿಸ್ ಇಪ್ಪತ್ತಾರು ಸಂಜೆ ನಮ್ಮ ಮನೆಯಲ್ಲಿದ್ದರು. ನನಗೆ ಬೇಕಾಗಿದ್ದುದು ಅದೇ — ಆದರೆ ಅವರು ಬೀದಿಯ ಕಡೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದರು. ಒಮ್ಮೆ ಕೇಳಿದರು: "ಯಾರೂ ಡಬ್ಬಿ ಕೇಳೋಕೆ ಬರಲಿಲ್ಲ. ನಾನೇನು ತಪ್ಪು ಮಾಡಿದೆ?"

ಆಗಲಾದರೂ ಹೇಳಬಹುದಿತ್ತು. "ಹಬ್ಬದ ಗಡಿಬಿಡಿ ಮಿಸ್" ಎಂದೆ.

ಜನವರಿಯಲ್ಲಿ ಅವರು ಹೊರಟರು. ಎರಡು ವರ್ಷಕ್ಕೆಂದು ಬಂದವರು ಎಂಟು ತಿಂಗಳೂ ತುಂಬಿಸಲಿಲ್ಲ. ಊರಿಗೆ ಹೋಗಬೇಕು ಅನ್ನಿಸುತ್ತಿದೆ ಎಂದಷ್ಟೇ ಅಮ್ಮನಿಗೆ ಹೇಳಿದರಂತೆ. ಆಟೊ ಬಂದು ನಿಂತಾಗ ಏಳೂ ಡಬ್ಬಿಗಳನ್ನು ಬುಟ್ಟಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು.

"ಹೆಸರು ಓದೋಕೆ ನನಗೆ ಬರಲ್ಲ. ಅವರವರಿಗೆ ನೀನೇ ಕೊಟ್ಟುಬಿಡು."

ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಕೆನ್ನೆ ತಟ್ಟಿ ಆಟೊ ಹತ್ತಿದರು.

ಸರೋಜಾ ಆಂಟಿ ಮುಚ್ಚಳ ತೆಗೆದವರೇ, "ಅಯ್ಯೋ, ಸಕ್ಕರೆ ಹಾಕಿದಾಳೆ ಕಣೇ! ಎಲ್ಲಾ ಗೊತ್ತಿತ್ತು ಇವಳಿಗೆ! ಮತ್ತೆ ಇಷ್ಟು ದಿನ ಯಾಕೆ ಇಟ್ಕೊಂಡಿದ್ಲು?" ಎಂದರು.

"ಗೊತ್ತಿಲ್ಲ ಆಂಟಿ" ಎಂದೆ.

ಯಾರು ಹೇಳಿದರೋ — ಶಾಲೆಯ ಆಯಾ ಇರಬಹುದು, ಜೊತೆಯ ಟೀಚರ್ ಇರಬಹುದು. ಅಂತೂ ಹೊರಡುವ ಮೊದಲು ಮಿಸ್‌ಗೆ ನಿಜ ತಿಳಿದಿತ್ತು. ಆರು ಮನೆಗೂ ಡಬ್ಬಿ ಮುಟ್ಟಿಸಿ ಬಂದು, ಅಮ್ಮನ ಹೆಸರಿನ ಏಳನೆಯದನ್ನು ಅಡುಗೆಮನೆಯಲ್ಲಿ ಒಬ್ಬಳೇ ತೆಗೆದೆ. ನಮ್ಮದೂ ಖಾಲಿ ಇರಲಿಲ್ಲ. ಉಳಿದವಕ್ಕೆ ಹಾಕಿದಷ್ಟೇ ಸಕ್ಕರೆ ಇದಕ್ಕೂ ಹಾಕಿದ್ದರು.

ಅಂದಿನ ದಿನಚರಿಯಲ್ಲಿ ಇರುವುದು ಇಷ್ಟು: "ಡಬ್ಬಿ ಏಳು. ಏಳೂ ತಲುಪಿದವು."

ಬಸ್ಸಿನ ನಂಬರು, ನೀರಿನ ಹೊತ್ತು, ಯಾರು ಎಷ್ಟು ನಕ್ಕರೆಂಬುದು ಎಲ್ಲವನ್ನೂ ಬರೆದಿಟ್ಟ ನಾನು ಅವರ ಊರಿನ ವಿಳಾಸವನ್ನು ಬರೆದುಕೊಳ್ಳಲಿಲ್ಲ. ಆ ನೋಟ್‌ಬುಕ್ ಅವರ ಜೊತೆ ಹೋಯಿತು. ನನ್ನ ಅಕ್ಷರದ ಆ ಸಾಲನ್ನು ಹೊಡೆದುಹಾಕಲು ನನ್ನಿಂದ ಇನ್ನು ಆಗದು.

ಆರು ಮನೆಗಳಿಗೆ ಹೋಗಿ, ತಪ್ಪು ಮಿಸ್ ಅವರದಲ್ಲ, ನನ್ನದು ಎಂದು ಹೇಳುವುದು ಮಾತ್ರ ಆಗುತ್ತದೆ. ನೀಲಮ್ಮನವರು ಕೆಂಗೇರಿಗೆ ಹೋಗಿದ್ದಾರೆ. ಮನೆ ವಿಚಾರಿಸಿ ಇಟ್ಟುಕೊಂಡಿದ್ದೇನೆ. ಉಳಿದ ಐವರು ಇದೇ ಬೀದಿಯಲ್ಲಿದ್ದಾರೆ.

ನಾಳೆ ಭಾನುವಾರ. ಸರೋಜಾ ಆಂಟಿ ಬೆಳಿಗ್ಗೆ ಜಗುಲಿಯಲ್ಲೇ ಇರುತ್ತಾರೆ.