ಶಿವರಾಜನ ಪಾಲಿನ ವಿಚಾರ

ತಾಂಡೂರಿನ ಒಂದು ಡಿಗ್ರಿ ಕಾಲೇಜಿನವರು ನನ್ನನ್ನು ಕರೆಸಿದ್ದು, ಮಕ್ಕಳಿಗೆ ಬೇರೆ ಥರ ಯೋಚಿಸೋದನ್ನು ಕಲಿಸಲಿಕ್ಕೆ. ಮೇಜಿನ ಮೇಲೆ ಆ ಊರಿನದೇ ಫರಸಿ ಕಲ್ಲಿಟ್ಟು, "ನೆಲಕ್ಕೆ ಹಾಸೋದು ಬಿಟ್ಟು ಇದರಿಂದ ಇನ್ನೇನು ಮಾಡಬಹುದು? ಸ್ವಂತ ವಿಚಾರ ಹೇಳಿ, ಚೆನ್ನಾಗಿದ್ದರೆ ಕಾಲೇಜಿನವರ ಬಹುಮಾನ ಇದೆ" ಅಂದೆ.

ಕೂತ ಸಾಲಿನಲ್ಲೇ ಒಬ್ಬರಾದ ಮೇಲೊಬ್ಬರಿಂದ ಉತ್ತರಗಳು ಪಟಪಟ ಬಂದವು. ಒಬ್ಬ ಅದರ ಮೇಲೆ ರೊಟ್ಟಿ ಬಡಿಯಬಹುದೆಂದ, ಇನ್ನೊಬ್ಬಳು ಅದು ತಾಳ್ಮೆಯ ಪ್ರತೀಕವೆಂದಳು. ನಾನು ಹಿಗ್ಗಿಹೋದೆ. ಆದರೆ ಸಾಲಿನ ನಡುವೆ ಯಾರೂ ಕೂರದ ಒಂದು ಖಾಲಿ ಜಾಗ ಬಂದದ್ದೇ ಉತ್ತರಗಳು ನಿಂತವು. ಪಕ್ಕದ ಹುಡುಗಿಗೆ, "ನೀನು ಹೇಳಮ್ಮ" ಅಂದೆ.

"ಶಿವರಾಜ ಬಂದಿಲ್ರಿ ಸರ್. ಅವಂದು ಆದ ಮ್ಯಾಲ ನಂದು."

ಅವರ ಮೇಷ್ಟ್ರು ಹೆಮ್ಮೆಯಿಂದ ಎದ್ದರು. "ನಿಮ್ಮ ಪ್ರಶ್ನೆ ಮೊದಲೇ ಕಳಿಸಿದ್ರಲ್ರಿ? ಎಲ್ಲರ ಸ್ವಂತ ವಿಚಾರ ಒಂದೇ ಆಗಬಾರದಂತ, ರೋಲ್ ನಂಬರ್ ಪ್ರಕಾರ ನಾನೇ ಹಂಚೀನ್ರಿ."

ನನ್ನ ಮುಖ ನೋಡಿ ಗಾಬರಿಯಾಗಿ, ಅವರು ಶಿವರಾಜನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. "ಫರಸಿ ಕಲ್ಲಿಲೆ ಏನ್ ಮಾಡಬಹುದು? ಲಗೂನ ಹೇಳೋ!"

"ಕಾಲೇಜಿಗೆ ಬರೂಮುಂದ ಯಾಲಾಲ್ ದಿಬ್ಬದಾಗ ಆಟೋ ಹಿಂದಕ್ಕ ಜಾರ್ತಿತ್ರಿ ಸರ್! ಗಾಲಿಗೆ ಫರಸಿ ಕಲ್ಲೇ ಅಡ್ಡ ಕೊಟ್ಟು ನಿಲ್ಸೀವ್ರಿ!"

"ಅದಲ್ಲೋ! ನಾ ಹೇಳಿಕೊಟ್ಟಿದ್ದು ಹೇಳು!"

ಮೊದಲ ಬಹುಮಾನ ಶಿವರಾಜನಿಗೇ ಅಂತ ನಾನು ಹಟ ಹಿಡಿದೆ. ಗೈರುಹಾಜರಾದವರಿಗೆ ಬಹುಮಾನ ಇಲ್ಲವಂತೆ. ಬದಲಿಗೆ ನನಗೆ ಶಾಲು ಹೊದಿಸಿ, ಆ ಕಲ್ಲನ್ನೇ ನೆನಪಿನ ಕಾಣಿಕೆ ಅಂತ ಕೊಟ್ಟರು. ಹೊತ್ತು ತಂದೆ. ಎಷ್ಟು ಯೋಚಿಸಿದರೂ ಬೇರೇನೂ ಹೊಳೆಯದೆ, ಬಚ್ಚಲ ಮುಂದೆ ನೆಲಕ್ಕೆ ಹಾಸಿದ್ದೇನೆ.