ಅತ್ತೆಯ ಜೊತೆ ಕಲಿತ ಸ್ವೀಡಿಶ್

ನಮ್ಮ ಅತ್ತೆ ಶಾಲೆಗೆ ಹೋದದ್ದು ನಾಲ್ಕನೆಯ ಇಯತ್ತೆಯವರೆಗೆ. ರಾಮದುರ್ಗದ ನಮ್ಮ ಮನೆಯ ನಡುಕೋಣೆಯಲ್ಲಿ ಅವರ ಕುಣಿಮಗ್ಗ ಇದೆ. ಬೆಳಿಗ್ಗೆ ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆಂದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ನಾನು ಕಟಕೋಳದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಬರುತ್ತವೆ, ಮರಾಠಿ ತಿಳಿಯುತ್ತದೆ ಎಂಬ ಸಣ್ಣ ಜಂಬ ನನಗಿತ್ತು. ಅದು ಇಳಿದದ್ದು ಅತ್ತೆಯ ಜೊತೆ ಸ್ವೀಡಿಶ್ ಕಲಿಯಲು ಕುಳಿತ ಮೇಲೆ.

ಸ್ವೀಡಿಶ್ ನಮ್ಮ ಮನೆಗೆ ಬಂದದ್ದು ಒಬ್ಬ ಹೆಂಗಸಿನ ಜೊತೆ. ಅವಳು ತನ್ನ ದೇಶದಲ್ಲಿ ನೇಯ್ಗೆ ಕಲಿಸುವ ಶಿಕ್ಷಕಿ. ಐವತ್ತು ದಾಟಿದ್ದಳು, ಎತ್ತರದ ಆಳು. ಕುಣಿಮಗ್ಗದಲ್ಲಿ ಸೀರೆ ನೇಯುವುದನ್ನು ಕಲಿಯಬೇಕೆಂದು ಒಂದು ಚಳಿಗಾಲ ರಾಮದುರ್ಗಕ್ಕೆ ಬಂದು, ನಮ್ಮ ಮಾಳಿಗೆಯ ಕೋಣೆಯಲ್ಲಿ ಮೂರು ತಿಂಗಳು ಇದ್ದಳು. ನನ್ನ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದಳು. ಅತ್ತೆಯ ಜೊತೆ ಮಾತೇ ಬೇಕಾಗುತ್ತಿರಲಿಲ್ಲ. ಎಳೆ ಕಡಿದರೆ ಇಬ್ಬರ ಕೈಯೂ ಒಟ್ಟಿಗೇ ಅಲ್ಲಿಗೆ ಹೋಗುತ್ತಿತ್ತು. ನಾನು ಕರೆಯುವುದನ್ನು ಕೇಳಿ ಅವಳೂ ಅವರನ್ನು 'ಅತ್ತಿ' ಎಂದೇ ಕರೆದಳು.

ಬಂದ ಮಾರನೆಯ ದಿನ ಹತ್ತು ಗಂಟೆಗೆ ಅವಳು ಲಾಳಿ ಕೆಳಗಿಟ್ಟು, ನಕ್ಕು, "ಫೀಕಾ?" ಎಂದಳು. ಅತ್ತೆಯ ಮುಖ ಸಣ್ಣದಾಯಿತು. ನಮ್ಮ ಕಡೆ ಫೀಕಾ ಎಂದರೆ ಸಪ್ಪೆ; ಬೆಳಿಗ್ಗೆ ಕೊಟ್ಟ ಚಹಾ ಸಪ್ಪಗಿತ್ತು ಎಂದು ಅವಳು ಹೇಳುತ್ತಿದ್ದಾಳೆಂದೇ ಅವರು ತಿಳಿದರು. ಅಡಿಗೆಮನೆಗೆ ಹೋಗಿ ಎರಡು ಪಾಲು ಚಹಾಪುಡಿ, ಮೂರು ಪಾಲು ಸಕ್ಕರೆ ಹಾಕಿ ಕುದಿಸಿ ತಂದುಕೊಟ್ಟರು. ಮಧ್ಯಾಹ್ನ ಮೂರಕ್ಕೆ ಅವಳು ಮತ್ತೆ "ಫೀಕಾ?" ಎಂದಾಗ ಅತ್ತೆಗೆ ತಡೆಯಲಾಗಲಿಲ್ಲ. ಸಂಜೆ ನಾನು ಶಾಲೆಯಿಂದ ಬಂದ ಕೂಡಲೇ ದೂರು ಹೇಳಿದರು.

"ಅಲ್ಲವಾ, ಇನ್ನ ಎಷ್ಟ ಗಟ್ಟಿ ಮಾಡ್ಲಿ? ಚಮಚಾ ನೆಟ್ಟಗ ನಿಂದರತೈತಿ, ಆದ್ರೂ ಫೀಕಾ ಅಂತಾಳು!"

ನಾನು ಅವಳನ್ನೇ ಕೇಳಿದೆ. ಕೆಲಸ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಕುಳಿತು, ಕಾಫಿಯನ್ನೋ ಚಹಾವನ್ನೋ ಏನಾದರೂ ಸಿಹಿತಿಂಡಿಯ ಜೊತೆ ಕುಡಿಯುವುದಕ್ಕೆ ಅವರಲ್ಲಿ ಫೀಕಾ ಎನ್ನುತ್ತಾರಂತೆ. ಕಾರ್ಖಾನೆಯಲ್ಲೂ ಕಚೇರಿಯಲ್ಲೂ ದಿನಕ್ಕೆರಡು ಸಲ ಅದು ನಡೆಯುತ್ತದಂತೆ. ಅದನ್ನು ಅತ್ತೆಗೆ ಹೇಳಿದೆ.

"ಕುಂತು ಕುಡೀತಾರಂತ? ದಿನಾ?"

"ಹೌದ್ರಿ ಅತ್ತಿ."

"ನಾ ಲಗ್ನಾಗಿ ಬಂದಾಗಿಂದ ಚಾ ನಿಂತ ಕುಡದೇನಿ."

ಮರುದಿನದಿಂದ ಹತ್ತು ಗಂಟೆಗೆ ಮಗ್ಗ ನಿಂತಿತು. ಚಕ್ಕುಲಿಯೋ ಕರದಂಟೋ ಒಂದು ತಾಟಿನಲ್ಲಿ ಬಂತು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರು. ಅವಳು ನೇಯುವಾಗ ಗುನುಗುತ್ತಿದ್ದ ತನ್ನ ದೇಶದ ಹಳ್ಳಿಯ ಹಾಡುಗಳನ್ನು ಅತ್ತೆ ಕಲಿತದ್ದೂ ಆ ಕಟ್ಟೆಯ ಮೇಲೆಯೇ. ಸೋಮವಾರದ ಭಜನೆಯಲ್ಲಿ ಮುಂದೆ ನಿಂತು ಹಾಡುವವರು ಅವರು. ಒಂದು ಧಾಟಿಯನ್ನು ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅವರ ಗಂಟಲಲ್ಲಿ ಇರುತ್ತಿತ್ತು. ಅರ್ಥ ಗೊತ್ತಿಲ್ಲದೆಯೂ ಪದಗಳನ್ನು ಅಷ್ಟು ಶುದ್ಧವಾಗಿ ಹೇಳುತ್ತಿದ್ದರೆಂದರೆ, ಅವಳು ಒಮ್ಮೆ ಲಾಳಿ ಹಿಡಿದ ಕೈ ಹಾಗೇ ನಿಲ್ಲಿಸಿ ಕೇಳುತ್ತ ಕುಳಿತುಬಿಟ್ಟಿದ್ದಳು.

ಹೋಗುವ ದಿನ ಅವಳು ಅತ್ತೆಯ ಕೈಗೆ ತನ್ನ ನೇಯ್ಗೆಯ ಪುಸ್ತಕ ಇಟ್ಟಳು. ಅಂಚು ಸವೆದ, ಅಲ್ಲಲ್ಲಿ ಪೆನ್ಸಿಲ್ ಗುರುತುಗಳಿದ್ದ ಪುಸ್ತಕ. ತುಂಬ ಚಿತ್ರ, ಎಳೆಗಳ ಲೆಕ್ಕ ತೋರಿಸುವ ಚೌಕಳಿಗಳು, ಮತ್ತು ಎಲ್ಲ ಬರಹವೂ ಸ್ವೀಡಿಶ್. ಅತ್ತೆ ಚೌಕಳಿಗಳನ್ನು ಓದಿಕೊಂಡರು. ಹಾಳೆ ತಿರುವಿ ಒಂದು ನಮೂನೆಯ ಮೇಲೆ ಬೆರಳಿಟ್ಟರು. ಸಣ್ಣ ಸಣ್ಣ ಹೂಗಳು ಸಾಲಾಗಿ ನಡೆದು ಹೋಗುವಂಥ ನೇಯ್ಗೆ ಅದು.

"ಇದನ್ನ ನೇಯಬೇಕು. ಬಾಜೂಕ ಏನ ಬರದಾರ ಓದು."

ಫೋನಿನಲ್ಲಿ ಫೋಟೊ ತೆಗೆದು ಅನುವಾದ ಮಾಡಿಸಿದೆ. ಎಳೆ ಹಾಯಿಸುವ ದಾರದ ಕುಣಿಕೆಯನ್ನು ಅದು ಬೆಳ್ಳಿ ಎಂದಿತು. ಬೆಳ್ಳಿಯನ್ನು ಮಗ್ಗದಲ್ಲಿ ಎಲ್ಲಿ ಹಾಕುವುದು? ಅತ್ತೆ ಫೋನು ನನಗೇ ವಾಪಸು ಕೊಟ್ಟರು. "ಇದಕ್ಕ ನೇಯಾಕ ಬರೂದಿಲ್ಲ. ನಾವ ಕಲಿಯೂನು ನಡಿ."

ಹಾಗೆ ಶುರುವಾಯಿತು. ಸರಳ ಸ್ವೀಡಿಶ್‌ನಲ್ಲಿ ನಿಧಾನವಾಗಿ ಸುದ್ದಿ ಓದುವ ಒಂದು ರೇಡಿಯೊ ಕಾರ್ಯಕ್ರಮ ಫೋನಿನಲ್ಲಿ ಸಿಕ್ಕಿತು. ಕಟಕೋಳದ ಬಸ್ಸಿನಲ್ಲಿ ಹೋಗುತ್ತ ಬರುತ್ತ ನಾನು ಅದನ್ನು ಕೇಳುತ್ತಿದ್ದೆ. ಸಂಜೆ ಅತ್ತೆಯ ಮುಂದೆ ಮತ್ತೆ ಹಾಕುತ್ತಿದ್ದೆ. ಅವರು ಹಳೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಪದ ಬರೆದುಕೊಳ್ಳುತ್ತಿದ್ದರು. ಹಾಸು ಎಂಬ ಉದ್ದದ ಎಳೆಗೆ 'ವರ್ಪ್', ಹೊಕ್ಕು ಎಂಬ ಅಡ್ಡ ಎಳೆಗೆ 'ಇನ್‌ಸ್ಲಾಗ್'. ಒಂದು ದಿನ ಸುದ್ದಿ ಓದುವವಳು ಇನ್‌ಸ್ಲಾಗ್ ಎಂದಳು. ಅತ್ತೆ ಕಣ್ಣರಳಿಸಿದರು. ನಿಘಂಟು ನೋಡಿದರೆ, ಕಾರ್ಯಕ್ರಮದ ನಡುವೆ ಬರುವ ಒಂದೊಂದು ಸುದ್ದಿಯ ತುಣುಕಿಗೂ ಅವರು ಅದೇ ಪದ ಬಳಸುತ್ತಾರೆ. "ಸುದ್ದೀನೂ ಹೊಕ್ಕ ಹಾಕಿದಂಗ ಹಾಕ್ತಾರ ನೋಡು," ಎಂದು ಅತ್ತೆ ಇಡೀ ಸಂಜೆ ಖುಷಿಯಾಗಿದ್ದರು.

ಸಂಬಂಧದ ಪದಗಳು ಬಂದಾಗಲಂತೂ ಅವರ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಕಾಕಾ, ಮಾಮಾ ಎಲ್ಲರೂ ಒಂದೇ ಎಂದು ನಾನು ಹಿಂದೆ ಹೇಳಿದ್ದಕ್ಕೆ ಅವರು, ಅದೆಂಥ ಭಾಷೆ ಎಂದು ಮೂಗು ಮುರಿದಿದ್ದರು. ಸ್ವೀಡಿಶ್‌ನಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ 'ಮುರ್‌ಬ್ರುರ್' ಎಂಬ ಬೇರೆಯೇ ಪದವಿದೆ. ತಾಯಿಯ ತಾಯಿ 'ಮುರ್ಮುರ್', ತಂದೆಯ ತಾಯಿ ಬೇರೆ. ಅದೇ ವಾರ ಕಿತ್ತೂರಿನಿಂದ ನನ್ನ ಸೋದರಮಾವ ಬಂದರು. ಅತ್ತೆ ಬಾಗಿಲಲ್ಲೇ ಗಂಭೀರವಾಗಿ, "ಬರ್ರಿ ಮುರ್‌ಬ್ರುರ್, ಕುಂದರ್ರಿ," ಎಂದರು. ಮಾವ ಚಪ್ಪಲಿ ಬಿಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಆರಾಮ ಅದಾರಲ್ಲ ನಿಮ್ಮ ಅತ್ತಿಯವರು?" ಎಂದು ಮೆಲ್ಲಗೆ ಕೇಳಿದರು.

ನನಗೆ ವ್ಯಾಕರಣ ಬೇಗ ಹತ್ತಿತು, ಉಚ್ಚಾರ ಹತ್ತಲಿಲ್ಲ. ಏಳು ಎಂಬ ಅಂಕಿಗೆ ಅವರಲ್ಲಿ ಒಂದು ವಿಚಿತ್ರ ಸದ್ದಿದೆ, ಶಕಾರವೂ ಅಲ್ಲ ಹಕಾರವೂ ಅಲ್ಲ. ನಾನು ಒದ್ದಾಡುತ್ತಿದ್ದೆ. ಅತ್ತೆ ಒಲೆ ಊದುವವರ ಹಾಗೆ ತುಟಿ ಮುಂದೆ ಮಾಡಿ ಒಮ್ಮೆ ಊದಿದರು. ಅದೇ ಸದ್ದು. "ಒಲಿ ಊದಿದಾಕಿ ಅಲ್ಲ ನೀ, ಗ್ಯಾಸಿನ ಕಾಲದಾಕಿ. ನಿನಗೆಲ್ಲಿ ಬರಬೇಕು?" ಎಂದರು. ಇನ್ನೊಂದು ದಿನ 'ಅಂದೆನ್' ಎಂಬ ಪದ ಬಂತು. ಬಾತುಕೋಳಿಗೂ ಅದೇ, ಆತ್ಮಕ್ಕೂ ಅದೇ. ಎರಡನ್ನೂ ಹೇಳುವ ರಾಗ ಮಾತ್ರ ಬೇರೆ. ಹತ್ತು ಸಲ ಕೇಳಿದರೂ ನನಗೆ ಎರಡೂ ಒಂದೇ. ಅತ್ತೆ ಕಣ್ಣು ಮುಚ್ಚಿ ಕೇಳಿ, "ಒಂದು ಒಮ್ಮಿ ಏರತೈತಿ, ಇನ್ನೊಂದು ಎರಡ ಸಲ ಏರತೈತಿ. ಎರಡ ಸಲ ಏರಿದ್ದು ಆತ್ಮ," ಎಂದರು. ನಾನು ಮತ್ತೆ ಮತ್ತೆ ಹಾಕಿ ಪರೀಕ್ಷೆ ಮಾಡಿದೆ. ಒಮ್ಮೆಯೂ ತಪ್ಪಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಭಾಷೆಯನ್ನು ಹಲಗೆಯ ಮೇಲೆ ಬರೆದು ಬರೆದು ಕಲಿಸಿದವಳು ನಾನು. ಭಾಷೆ ಮೊದಲು ಕಿವಿಯದ್ದು ಎಂದು ಅವರ ಪಕ್ಕ ಕುಳಿತು ತಿಳಿದುಕೊಂಡೆ.

ಆರು ತಿಂಗಳಾದ ಮೇಲೆ ಹೂವಿನ ನಮೂನೆಗೆ ಕೈ ಹಾಕಿದೆವು. ಅತ್ತೆ ಮಗ್ಗಕ್ಕೆ ಇನ್ನೆರಡು ತುಳಿಯುವ ಹಲಗೆ ಮಾಡಿಸಿದರು. ನಾನು ಒಂದೊಂದೇ ಸಾಲು ಓದಿ ಹೇಳಿದೆ. ಕೊನೆಯ ಸಾಲಿನಲ್ಲಿ ಒಂದು ಪದ ತೊಡಕಾಯಿತು. 'ಆವಿಗ್‌ಸೀದಾ' ಮೇಲೆ ಬರುವಂತೆ ನೇಯಬೇಕು ಎಂದಿತ್ತು. ನಿಘಂಟು ತೆಗೆಯಲು ಎದ್ದೆ.

"ಸೀದಾ ಅಂತ ಅದ ಹೇಳೈತಲ್ಲ," ಎಂದರು ಅತ್ತೆ. "ಸೀದಾ ಬದಿ ಮ್ಯಾಲ. ಅದಕ್ಕೇನ ನೋಡತಿ?"

ನನಗೂ ಸರಿ ಎನ್ನಿಸಿತು. ಅವರು ನೇಯತೊಡಗಿದರು. ಎರಡು ದಿನ ಮಗ್ಗದ ಮೇಲೆ ಹೂವೇ ಕಾಣಲಿಲ್ಲ, ಉದ್ದುದ್ದ ಎಳೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ನಾನು ಎಲ್ಲಿ ತಪ್ಪು ಓದಿದೆನೋ ಎಂದು ಪುಸ್ತಕ ಹಿಡಿದು ಕುಳಿತೆ. ಶಾಲೆಯಲ್ಲೂ ಅದೇ ಚಿಂತೆ. ಮೂರನೆಯ ದಿನ ಸಂಜೆ ಮನೆಗೆ ಬಂದಾಗ ಅತ್ತೆ ಮಗ್ಗದ ಕುಣಿಯಲ್ಲಿ ಇಳಿದು, ತಲೆ ಬಗ್ಗಿಸಿ, ಕೈಯಲ್ಲೊಂದು ಕನ್ನಡಿ ಹಿಡಿದು ಬಟ್ಟೆಯ ಅಡಿ ನೋಡುತ್ತಿದ್ದರು.

"ಬಾ ಇಲ್ಲಿ. ಅವರ ಸೀದಾ ಅಂದ್ರ ಬರೇ ಬದಿ ಅಂತ ಇರಬೇಕು. ಆವಿಗ್ ಅಂದ್ರ ಉಲ್ಟಾ."

ಕನ್ನಡಿಯಲ್ಲಿ ಹೂಗಳು ಸಾಲಾಗಿ ನಡೆದಿದ್ದವು. ಒಂದೂ ತಪ್ಪಿರಲಿಲ್ಲ. ನಿಘಂಟು ತೆಗೆದೆ, ಅವರು ಹೇಳಿದ್ದೇ ಅರ್ಥ. ಬಟ್ಟೆಯನ್ನು ನೋಡಿ ಪದದ ಅರ್ಥ ಹೇಳಿದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅತ್ತೆ ನೋಡಿಯೂ ನೋಡದವರಂತೆ ಲಾಳಿ ತೆಗೆದುಕೊಂಡರು.

ಬಟ್ಟೆ ಮುಗಿದ ಮೇಲೆ ಒಂದು ರವಿವಾರ ಅವಳಿಗೆ ವಿಡಿಯೊ ಕರೆ ಮಾಡಿದೆವು. ನಾನು ಇಂಗ್ಲಿಷ್‌ನಲ್ಲಿ ಶುರು ಮಾಡುವ ಮೊದಲೇ ಅತ್ತೆ ಮುಂದೆ ಬಾಗಿ, "ತಕ್ ಫರ್ ಸೇನಸ್ತ್," ಎಂದರು. ಹಿಂದಿನ ಸಲ ಜೊತೆಯಾಗಿ ಕಳೆದ ಹೊತ್ತಿಗೆ ಧನ್ಯವಾದ ಎಂದು ಅದರ ಅರ್ಥ. ಮತ್ತೆ ಭೇಟಿಯಾದಾಗ ಅವರ ಜನ ಹೀಗೆ ಹೇಳಿಕೊಳ್ಳುತ್ತಾರೆಂದು ರೇಡಿಯೊದಲ್ಲಿ ಕೇಳಿ, ನನಗೂ ಹೇಳದೆ ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಆ ಕಡೆ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹದಿನೈದು ನಿಮಿಷ ಇಬ್ಬರೂ ಮಾತಾಡಿದರು. ಅರ್ಧ ಸ್ವೀಡಿಶ್, ಅರ್ಧ ಕನ್ನಡ, ಉಳಿದದ್ದು ಕೈಸನ್ನೆ. ನಡುವೆ ಅನುವಾದಕ್ಕೆಂದು ಕುಳಿತಿದ್ದ ನನ್ನನ್ನು ಇಬ್ಬರೂ ಮರೆತಿದ್ದರು.

ಈಗ ಅವಳು ಕಳಿಸಿದ ಮಕ್ಕಳ ಚಿತ್ರಪುಸ್ತಕವೊಂದನ್ನು ಓದುತ್ತಿದ್ದೇವೆ. ಸ್ವೀಡಿಶ್ ಅಕ್ಷರಗಳನ್ನು ಕೂಡಿಸಿ ಓದಲು ಅತ್ತೆ ಕಲಿತಿದ್ದಾರೆ. ದಿನಕ್ಕೆ ಒಂದು ಪುಟ, ಹೆಚ್ಚೆಂದರೆ ಎರಡು. ಹೋದ ತಿಂಗಳು ಬೈಲಹೊಂಗಲದ ತವರಿಗೆ ಹೋದವಳು ನಾಲ್ಕು ದಿನ ಉಳಿದೆ. ವಾಪಸು ಬಂದಾಗ ಅತ್ತೆ ಒಬ್ಬರೇ ಆರು ಪುಟ ಮುಂದೆ ಹೋಗಿದ್ದರು. ಈಗ ಅವರಿರುವ ಪುಟ ಮುಟ್ಟಲು ನಾನು ಬಸ್ಸಿನಲ್ಲಿ ಓದುತ್ತಿದ್ದೇನೆ.